ಅರ್ಧ ದಿನದ ಆಫೀಸ್ ಕೆಲಸ ಬೇಸರ ತಂದಿದೆಯಾ? ಬಿಡುವ ಮುಂಚೆ ಇಷ್ಟು ನೋಡಿ

ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗಿನ ಕೆಲಸ. ಬಿಲ್ ಎಂಟ್ರಿ, ಫೈಲ್ ಜೋಡಿಸುವುದು, ಫೋನ್ ಎತ್ತುವುದು, ಒಂದೆರಡು ಲೆಟರ್ ಟೈಪ್ ಮಾಡುವುದು. ಸೇರಿದ ಮೂರು ತಿಂಗಳಿಗೆ ಎಲ್ಲ ಕಲಿತಾಗಿದೆ. ಆಮೇಲೆ ಹೊಸದೇನೂ ಇಲ್ಲ. ಹನ್ನೆರಡೂವರೆಗೆ ಕೆಲಸ ಮುಗಿದಿರುತ್ತದೆ, ಎರಡು ಗಂಟೆ ಮಾತ್ರ ಆಗುವುದೇ ಇಲ್ಲ. ಬಿಡೋಣ ಅಂದರೆ ಮನೆಯವರು "ಆರಾಮಾಗಿರೋ ಕೆಲಸ, ಯಾಕೆ ಬಿಡ್ತೀಯಾ?" ಅನ್ನುತ್ತಾರೆ. ಗೆಳತಿಯರು "ಇಷ್ಟು ಓದಿ ಅಲ್ಲಿ ಏನ್ ಮಾಡ್ತಾ ಇದೀಯಾ?" ಅನ್ನುತ್ತಾರೆ. ಎರಡು ಕಡೆಯ ಮಾತೂ ನಿಜ ಅನ್ನಿಸುತ್ತದೆ, ಅಲ್ವಾ?

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಅರ್ಧ ದಿನದ ಕೆಲಸ ಒಳ್ಳೆಯದೋ ಕೆಟ್ಟದೋ ಅನ್ನುವುದು ಆ ನಾಲ್ಕು ಗಂಟೆಯಲ್ಲಿ ಗೊತ್ತಾಗುವುದಿಲ್ಲ. ಉಳಿದ ಅರ್ಧ ದಿನ ಏನಾಗುತ್ತಿದೆ ಎಂದು ನೋಡಿದಾಗ ಗೊತ್ತಾಗುತ್ತದೆ. ಮಧ್ಯಾಹ್ನದ ಹೊತ್ತು ನಿಮ್ಮದಾಗಿದ್ದರೆ, ಬೆಳಗಿನ ಬೇಸರವನ್ನು ಸಹಿಸಿಕೊಳ್ಳಬಹುದು. ಮಧ್ಯಾಹ್ನವೂ ಸುಮ್ನೆ ಕಳೆದುಹೋಗುತ್ತಿದ್ದರೆ, ಸಂಬಳ ಎಷ್ಟೇ ಸಲೀಸಾಗಿ ಬರುತ್ತಿದ್ದರೂ ಆ ಕೆಲಸ ನಿಮಗೆ ದುಬಾರಿ.

ಮುಂದಿನ ಉದಾಹರಣೆಗಳನ್ನೆಲ್ಲ ಮೈಸೂರಿನಂಥ ಊರಿನ ತೆರಿಗೆ ಸಲಹೆಗಾರರ ಕಚೇರಿಯಿಂದ ತೆಗೆದುಕೊಂಡಿದ್ದೇನೆ. ಬಿ.ಕಾಂ. ಮುಗಿಸಿದ ಎಷ್ಟೋ ಜನ, ಅದರಲ್ಲೂ ಮದುವೆಯಾಗಿ ಮಕ್ಕಳಿರುವ ಹೆಣ್ಣುಮಕ್ಕಳು, ಅರ್ಧ ದಿನ ಕೆಲಸ ಮಾಡುವುದು ಇಂಥ ಕಡೆಯೇ. ವಕೀಲರ ಕಚೇರಿ, ಕ್ಲಿನಿಕ್, ಶಾಲೆಯ ಆಫೀಸಿನಲ್ಲಿ ಇರುವವರು ನಿಮ್ಮ ಕೆಲಸಕ್ಕೆ ಹೊಂದಿಸಿಕೊಳ್ಳಿ.

ಹೆಜ್ಜೆ 1: ಒಂದು ತಿಂಗಳು ಬರೆದಿಡಿ

ಬೇಸರದ ದಿನವೇ ರಾಜೀನಾಮೆ ಬರೆಯಬೇಡಿ. ಒಂದು ಹಳೆಯ ಡೈರಿ ತೆಗೆದುಕೊಳ್ಳಿ. ದಿನಕ್ಕೆ ಎರಡು ಸಾಲು ಸಾಕು. ಬೆಳಿಗ್ಗೆ ಏನು ಮಾಡಿದೆ, ಎಷ್ಟು ಹೊತ್ತು ಖಾಲಿ ಕೂತೆ. ಮಧ್ಯಾಹ್ನ ಎರಡರಿಂದ ರಾತ್ರಿವರೆಗೆ ಏನಾಯಿತು.

ಒಂದು ವಾರ ಸಾಲದು, ಪೂರ್ತಿ ತಿಂಗಳು ಬೇಕು. ಯಾಕೆಂದರೆ ಆಫೀಸ್ ಕೆಲಸಕ್ಕೆ ತಿಂಗಳ ಏರಿಳಿತ ಇರುತ್ತದೆ. ಜಿಎಸ್‌ಟಿ ಕೆಲಸವನ್ನೇ ನೋಡಿ. ತಿಂಗಳಿಗೊಮ್ಮೆ ರಿಟರ್ನ್ ಹಾಕುವ ವ್ಯಾಪಾರಿಗಳದ್ದು 11ನೇ ತಾರೀಕಿಗೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ ಜಿಎಸ್‌ಟಿಆರ್-3ಬಿ (ಕಟ್ಟುವ ತೆರಿಗೆಯ ಲೆಕ್ಕ). ನಡುವೆ 14ಕ್ಕೆ 2ಬಿ, ಅಂದರೆ ಸರಕು ಮಾರಿದವರು ತೋರಿಸಿದ ಬಿಲ್‌ಗಳ ಪಟ್ಟಿ, ಬರುತ್ತದೆ, ಅದನ್ನು ಖರೀದಿ ಬಿಲ್‌ಗಳ ಜೊತೆ ತಾಳೆ ನೋಡಬೇಕು. 8ರಿಂದ 20ರವರೆಗೆ ಉಸಿರಾಡಲು ಪುರಸೊತ್ತಿಲ್ಲ. 21 ಆದಮೇಲೆ ಆಫೀಸಿನಲ್ಲಿ ಫ್ಯಾನ್ ತಿರುಗುವ ಸದ್ದು ಬಿಟ್ಟರೆ ಬೇರೇನಿಲ್ಲ. "ಈ ಕೆಲಸದಲ್ಲಿ ಏನೂ ಇಲ್ಲ" ಅನ್ನುವ ಮಾತು 25ನೇ ತಾರೀಕಿಗೆ ಬಂದಿದ್ದರೆ ಅದಕ್ಕೆ ಒಂದು ಅರ್ಥ, 12ಕ್ಕೆ ಬಂದಿದ್ದರೆ ಇನ್ನೊಂದು ಅರ್ಥ. ಕೆಲಸ ತುಂಬಿ ತುಳುಕುವ ದಿನವೂ ಬೇಸರವೇ ಬರೆದಿದ್ದೀರಾದರೆ ಅದನ್ನು ಗಟ್ಟಿಯಾಗಿ ನಂಬಿ.

ಹೆಜ್ಜೆ 2: ಬೇಸರ ಎಲ್ಲಿಂದ ಬರುತ್ತಿದೆ ನೋಡಿ

ಡೈರಿ ತಿರುವಿ ಹಾಕಿದರೆ ಕೆಲವು ವಿಷಯ ತಾನಾಗೇ ಕಾಣುತ್ತದೆ. ಕೆಲಸ ಕಡಿಮೆ ಇರುವುದು ಒಂದು. ಕೆಲಸ ಇದೆ, ಆದರೆ ಕಣ್ಣು ಮುಚ್ಚಿ ಮಾಡುವಷ್ಟು ಸುಲಭ ಅನ್ನುವುದು ಇನ್ನೊಂದು. ಇವೆರಡಕ್ಕೂ ಇದ್ದ ಕಡೆಯೇ ಮದ್ದು ಇರಬಹುದು.

ಮೂರನೆಯದು, ಇಲ್ಲಿಂದ ಮೇಲೆ ಹೋಗಲು ಮೆಟ್ಟಿಲೇ ಇಲ್ಲದಿರುವುದು. ಕಚೇರಿಯಲ್ಲಿ ಸರ್, ಅವರ ಮಗ, ಒಬ್ಬ ಸೀನಿಯರ್, ನೀವು. ಹತ್ತು ವರ್ಷ ಇದ್ದರೂ ನೀವು ಅದೇ ಕುರ್ಚಿಯಲ್ಲಿ. ಇದಕ್ಕೆ ಯಾರ ತಪ್ಪೂ ಇಲ್ಲ, ಸಣ್ಣ ಕಚೇರಿ ಇರುವುದೇ ಹಾಗೆ. ಅಲ್ಲಿ ಕೆಲಸ ಕಲಿಯಬಹುದು, ಹುದ್ದೆ ಬೆಳೆಯುವುದಿಲ್ಲ.

ಇನ್ನೊಂದನ್ನು ಬೇಸರ ಅಂತ ಕರೆದುಕೊಂಡು ಮೋಸ ಹೋಗಬೇಡಿ. ಎಲ್ಲರೆದುರು ಬೈಯುವುದು, ಸಂಬಳ ತಿಂಗಳುಗಟ್ಟಲೆ ತಡ ಮಾಡುವುದು, ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಟ್ಟುಕೊಳ್ಳುವುದು, ಮೈಮುಟ್ಟಿ ಮಾತಾಡುವುದು. ಇಂಥವಕ್ಕೆ ಈ ಲೇಖನದ ತೂಗಾಟವೇ ಬೇಡ. ಹೊರಗೆ ಬನ್ನಿ. ಲೈಂಗಿಕ ಕಿರುಕುಳವಾದರೆ ದೂರು ಕೊಡಲು 2013ರ ಕಾಯ್ದೆ ಇದೆ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಚಿಕ್ಕ ಕಚೇರಿಯವರು, ಅಥವಾ ಮಾಲೀಕರ ಮೇಲೆಯೇ ದೂರು ಇರುವವರು, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ನಾಲ್ಕೇ ಜನರ ಆಫೀಸು, ಯಾರಿಗೆ ಹೇಳಲಿ ಅಂತ ಸುಮ್ಮನಿರುವವರು ಬಹಳ. ಹೇಳಲು ಜಾಗ ಇದೆ.

ಹೆಜ್ಜೆ 3: ಮಧ್ಯಾಹ್ನ ಯಾರದ್ದು?

ಇದೇ ಮುಖ್ಯವಾದ ಹೆಜ್ಜೆ, ನಿಧಾನವಾಗಿ ಮಾಡಿ. ಡೈರಿಯ ಎರಡನೇ ಸಾಲುಗಳನ್ನಷ್ಟೇ ಓದುತ್ತಾ ಹೋಗಿ. ಅರ್ಧ ದಿನದ ಕೆಲಸವನ್ನು ನೀವು ಯಾತಕ್ಕಾಗಿ ಆರಿಸಿಕೊಂಡಿರಿ? ಮಗು ಶಾಲೆಯಿಂದ ಬರುವ ಹೊತ್ತಿಗೆ ಮನೆಯಲ್ಲಿರಬೇಕು ಅಂತಲಾ, ಅತ್ತೆಯವರ ಆರೋಗ್ಯ ಅಂತಲಾ, ಪರೀಕ್ಷೆಗೆ ಓದಬೇಕು ಅಂತಲಾ, ಬ್ಲೌಸ್ ಹೊಲಿದೋ ಟ್ಯೂಷನ್ ಹೇಳಿಯೋ ಸ್ವಂತದ್ದು ಏನಾದರೂ ಮಾಡಬೇಕು ಅಂತಲಾ? ಆ ಕಾರಣ ಇವತ್ತಿಗೂ ಇದೆಯಾ?

ಬಹಳ ಮನೆಗಳಲ್ಲಿ ಹೀಗಾಗುತ್ತದೆ. ಮಗುವಿಗೆ ಮೂರು ವರ್ಷ ಇದ್ದಾಗ ಸೇರಿದ ಕೆಲಸ. ಈಗ ಮಗು ಐದನೇ ಕ್ಲಾಸು, ಸಂಜೆ ನಾಲ್ಕೂವರೆಗೆ ವ್ಯಾನಿನಲ್ಲಿ ಬರುತ್ತದೆ. ಎರಡು ಗಂಟೆಗೆ ಮನೆಗೆ ಬರಬೇಕಾದ ಅಗತ್ಯ ಹೋಗಿ ಎಷ್ಟೋ ಕಾಲವಾಯಿತು. ಆ ಎರಡೂವರೆ ಗಂಟೆಯನ್ನು ಪಾತ್ರೆ, ಬಟ್ಟೆ, ಫೋನು ಸದ್ದಿಲ್ಲದೆ ತುಂಬಿಕೊಂಡಿವೆ. "ನೀನು ಹೇಗೂ ಮನೇಲೇ ಇರ್ತೀಯಲ್ಲ" ಅಂತ ಬ್ಯಾಂಕಿಗೆ ಹೋಗುವುದು, ಗ್ಯಾಸ್ ಸಿಲಿಂಡರ್‌ಗೆ ಕಾಯುವುದು, ನೆಂಟರ ಆಸ್ಪತ್ರೆ ಓಡಾಟ, ಎಲ್ಲವೂ ನಿಮ್ಮ ಪಾಲಿಗೆ ಬಂದಿದೆ. ಇದನ್ನು ಹೆಂಗಸರು ಯಾರ ಹತ್ತಿರವೂ ಹೇಳುವುದಿಲ್ಲ. ದಿನವಿಡೀ ಓಡಾಡಿಯೂ ಸಂಜೆ ಲೆಕ್ಕ ನೋಡಿದರೆ ತಮಗಾಗಿ ಅರ್ಧ ಗಂಟೆ ಕಂಡಿರುವುದಿಲ್ಲ. ಆಗ ಬೆಳಗಿನ ಬೋರ್ ಜಾಸ್ತಿ ಚುಚ್ಚುತ್ತದೆ. ತಪ್ಪು ಆಫೀಸಿನದ್ದು ಅನ್ನಿಸುತ್ತದೆ. ಹಾಗಂತ ಕೆಲಸ ಬಿಟ್ಟರೆ ಪೂರ್ತಿ ದಿನ ಮನೆಯ ಪಾಲಾಗುತ್ತದೆ, ಬೇಸರ ಎರಡರಷ್ಟಾಗುತ್ತದೆ. ಇಂಥವರು ಮೊದಲು ಕೇಳಬೇಕಾದ್ದು ರಾಜೀನಾಮೆಯನ್ನಲ್ಲ, ಮಧ್ಯಾಹ್ನದ ಎರಡು ಗಂಟೆಯನ್ನು. ಮನೆಯವರ ಹತ್ತಿರ ಕೂತು ಮಾತಾಡಿ. ಮೂರರಿಂದ ಐದು ನಾನು ಓದುತ್ತೇನೆ, ಆ ಹೊತ್ತಿಗೆ ಬೇರೆ ಕೆಲಸ ಹೇಳಬೇಡಿ ಅಂತ ಬಾಯಿಬಿಟ್ಟು ಹೇಳಿ.

ಪರೀಕ್ಷೆಗೆ ಓದುವವರಿಗೆ ಒಂದು ಮಾತು. ಎಫ್‌ಡಿಎ, ಎಸ್‌ಡಿಎ, ಪಿಡಿಒ ಅಂತ ತಯಾರಿ ಮಾಡುವವರು ಅರ್ಧ ದಿನದ ಕೆಲಸ ಬಿಟ್ಟು ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ ರೂಮು ಮಾಡುವ ಯೋಚನೆಯಲ್ಲಿರುತ್ತಾರೆ. ಅಧಿಸೂಚನೆ ಬರದ ಪರೀಕ್ಷೆಗಾಗಿ ಕೈಯಲ್ಲಿರುವ ಸಂಬಳ ಬಿಡಬೇಡಿ ಅಂತಲೇ ನಾನು ಹೇಳುವುದು. ಅಧಿಸೂಚನೆ ಯಾವಾಗ ಬರುತ್ತದೋ, ಬಂದ ಮೇಲೆ ಪರೀಕ್ಷೆ ಎಷ್ಟು ಸಲ ಮುಂದಕ್ಕೆ ಹೋಗುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ದಿನಕ್ಕೆ ಐದು ಗಂಟೆ ಓದಲು ಮಧ್ಯಾಹ್ನ ಮತ್ತು ರಾತ್ರಿ ಸಾಕು. ಪರೀಕ್ಷೆಯ ದಿನಾಂಕ ಗಟ್ಟಿಯಾದ ಮೇಲೆ ಕೊನೆಯ ಎರಡು ತಿಂಗಳು ರಜೆ ಕೇಳಿ. ಕೊಡದಿದ್ದರೆ ಆಗ ಬಿಡಿ.

ಮಧ್ಯಾಹ್ನದಲ್ಲಿ ನಿಜವಾಗಿ ಏನೋ ಬೆಳೆಯುತ್ತಿದೆ ಅನ್ನುವವರು ಆ ಬೆಳವಣಿಗೆಯನ್ನೇ ಅಳೆದು ನೋಡಿ. ಟ್ಯೂಷನ್‌ಗೆ ಹೋದ ವರ್ಷ ನಾಲ್ಕು ಮಕ್ಕಳು, ಈ ವರ್ಷ ಹನ್ನೊಂದು ಆಗಿದ್ದರೆ, ಹೊಸಬರನ್ನು ಜಾಗವಿಲ್ಲ ಅಂತ ವಾಪಸ್ ಕಳಿಸುತ್ತಿದ್ದರೆ, ಬೆಳಗಿನ ಕೆಲಸ ಬಿಡುವ ಕಾಲ ಹತ್ತಿರ ಬಂದಿದೆ.

ಹೆಜ್ಜೆ 4: ಗಂಟೆಯ ಲೆಕ್ಕ ಹಾಕಿ

"ಪೂರ್ತಿ ದಿನದ ಕೆಲಸಕ್ಕೆ ಎರಡರಷ್ಟು ಸಂಬಳ" ಅನ್ನುವ ಮಾತು ಕೇಳಲು ಚೆನ್ನಾಗಿರುತ್ತದೆ. ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮದನ್ನು ಹಾಕಿಕೊಳ್ಳಿ.

ಈಗಿನ ಕೆಲಸ: ತಿಂಗಳಿಗೆ 9,000 ರೂ. ದಿನಕ್ಕೆ 4 ಗಂಟೆ, 25 ದಿನ, ಅಂದರೆ 100 ಗಂಟೆ. ಹೋಗಿ ಬರಲು ದಿನಕ್ಕೆ 1 ಗಂಟೆ, ಒಟ್ಟು 125 ಗಂಟೆ. ಪಿಎಫ್, ಇಎಸ್‌ಐ (ನೌಕರರ ವೈದ್ಯಕೀಯ ವಿಮೆ) ಇಲ್ಲ. ಹೆಣ್ಣುಮಕ್ಕಳಾದರೆ ಸಿಟಿ ಬಸ್ಸಿಗೆ ದುಡ್ಡಿಲ್ಲ, ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ. 9,000ವನ್ನು 125ರಿಂದ ಭಾಗಿಸಿದರೆ ಗಂಟೆಗೆ 72 ರೂ.

ಸಿಗಬಹುದಾದ ಕೆಲಸ: 18,000 ರೂ. ಬೆಳಿಗ್ಗೆ 9ರಿಂದ ಸಂಜೆ 6, ತಿಂಗಳಿಗೆ 26 ದಿನ, 234 ಗಂಟೆ. ಸ್ವಲ್ಪ ದೂರ, ಓಡಾಟಕ್ಕೆ ದಿನಕ್ಕೆ ಒಂದೂವರೆ ಗಂಟೆ. ಒಟ್ಟು 273 ಗಂಟೆ. ಪಿಎಫ್ ಅನ್ನು 15,000 ರೂ. ಮೇಲೆ ಹಿಡಿದರೆ ನಿಮ್ಮ ಪಾಲು ಶೇ. 12, ಅಂದರೆ 1,800. ಇಎಸ್‌ಐ ಶೇ. 0.75, ಅಂದರೆ 135. ಕೈಗೆ ಬರುವುದು 16,065. ಗಂಟೆಗೆ ಸುಮಾರು 59 ರೂ. ಆಯಿತು! ಆದರೆ ಪಿಎಫ್ ದುಡ್ಡು ಎಲ್ಲೂ ಹೋಗುವುದಿಲ್ಲ, ನಿಮ್ಮ ಖಾತೆಯಲ್ಲೇ ಇರುತ್ತದೆ. ಮಾಲೀಕರೂ 1,800 ಹಾಕುತ್ತಾರೆ, ಅದರಲ್ಲಿ 1,250 ಪಿಂಚಣಿಗೆ ಹೋಗುತ್ತದೆ. ಎಲ್ಲ ಸೇರಿಸಿದರೆ 19,665. ಗಂಟೆಗೆ ಅದೇ 72 ರೂ.

ಅಂದರೆ ನಿಮ್ಮ ಗಂಟೆಯ ಬೆಲೆ ಏರಿಲ್ಲ. ತಿಂಗಳಿಗೆ ಇನ್ನೂ 148 ಗಂಟೆಯನ್ನು ಅದೇ ಬೆಲೆಗೆ ಕೊಡುತ್ತಿದ್ದೀರಿ, ಅಷ್ಟೇ. ಕೊಡುವುದು ತಪ್ಪೇನಲ್ಲ. ಮನೆಗೆ ದುಡ್ಡು ಬೇಕಿದ್ದರೆ ಕೊಡಲೇಬೇಕು. ಆದರೆ ಆ 148 ಗಂಟೆ ಈಗ ಎಲ್ಲಿ ಹೋಗುತ್ತಿದೆ ಅನ್ನುವುದಕ್ಕೆ ಮೂರನೇ ಹೆಜ್ಜೆಯ ಉತ್ತರ ಕೈಯಲ್ಲಿರಲಿ. ಮಗುವನ್ನು ಡೇ ಕೇರ್‌ಗೆ ಬಿಡಲು 4,000 ಕೊಡಬೇಕಾದರೆ ಗಂಟೆಗೆ 57ಕ್ಕೆ ಇಳಿಯುತ್ತದೆ. ಗಂಡಸರು ಬೈಕಿನ ಪೆಟ್ರೋಲ್ ಅಥವಾ ಬಸ್ ಪಾಸಿನ ದುಡ್ಡನ್ನು ಎರಡೂ ಕಡೆ ಕಳೆಯಿರಿ.

ಹೊಸ ಕೆಲಸದಲ್ಲಿ ಕಲಿಯಲು ಇದೆ, ಎರಡು ವರ್ಷಕ್ಕೆ 28,000 ಆಗುತ್ತದೆ ಅನ್ನುವ ಭರವಸೆ ಇದ್ದರೆ ಈ ಲೆಕ್ಕವೇ ಬದಲಾಗುತ್ತದೆ. ಅದು ನಿಜವಾ ಅಂತ ತಿಳಿಯುವ ದಾರಿ ಒಂದೇ. ಅಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿರುವ ಯಾರನ್ನಾದರೂ ಹಿಡಿದು ಕೇಳಿ.

ಹೆಜ್ಜೆ 5: ಆ ಸಂಬಳಕ್ಕೆ ಮನೆಯಲ್ಲಿ ಹೆಸರಿದೆಯಾ?

ಚಿಕ್ಕ ಸಂಬಳಕ್ಕೆ ಮನೆಯಲ್ಲಿ ಹೆಚ್ಚಾಗಿ ಒಂದು ಹೆಸರು ಅಂಟಿಕೊಂಡಿರುತ್ತದೆ. ಸಂಘದ ವಾರದ ಕಂತು. ಸ್ಕೂಲ್ ವ್ಯಾನ್. ಹಾಲು ಮತ್ತು ಗ್ಯಾಸ್. ಚೀಟಿ ದುಡ್ಡು. ಅವ್ವನ ಬಿಪಿ ಮಾತ್ರೆ. ಗಂಡನ ಸಂಬಳ ಬಾಡಿಗೆಗೆ, ನಿಮ್ಮದು ಇವಕ್ಕೆ ಅಂತ ಯಾವಾಗಲೋ ಆಗಿಹೋಗಿರುತ್ತದೆ.

ಬರೆದು ನೋಡಿ. ಪ್ರತಿ ವಾರ ಅಥವಾ ತಿಂಗಳು ಕಟ್ಟಲೇಬೇಕಾದ ಕಂತು ನಿಮ್ಮ ಸಂಬಳದಿಂದ ಹೋಗುತ್ತಿದ್ದರೆ, ಮುಂದಿನ ಕೆಲಸದ ಆರ್ಡರ್ ಕೈಗೆ ಬರುವವರೆಗೆ ಬಿಡಬೇಡಿ. ಸಂಘದಲ್ಲಿ ಒಂದು ವಾರ ತಪ್ಪಿದರೆ ಉಳಿದ ಸದಸ್ಯೆಯರ ಮುಖ ನೋಡುವುದು ಎಷ್ಟು ಕಷ್ಟ ಅಂತ ಸಂಘದಲ್ಲಿರುವ ಎಲ್ಲರಿಗೂ ಗೊತ್ತು. ಕಂತು ಇಲ್ಲದಿದ್ದರೂ ಆರು ತಿಂಗಳ ಸಂಬಳದಷ್ಟು ದುಡ್ಡು ಪಕ್ಕಕ್ಕಿರಲಿ. 9,000ದ ಸಂಬಳಕ್ಕೆ 54,000.

ದುಡ್ಡಿನ ಇನ್ನೊಂದು ಮುಖವೂ ಇದೆ. ಸ್ವಂತ ಖಾತೆಗೆ ತಿಂಗಳಿಗೊಮ್ಮೆ ಬರುವ ದುಡ್ಡು ಹೆಣ್ಣುಮಕ್ಕಳಿಗೆ ಕೊಡುವ ಧೈರ್ಯವನ್ನು ಕಡಿಮೆ ಅಂದುಕೊಳ್ಳಬೇಡಿ. ತವರಿಗೆ ಹೋಗುವಾಗ, ಮಗಳಿಗೆ ಒಂದು ಪುಸ್ತಕ ತರುವಾಗ ಯಾರನ್ನೂ ಕೇಳಬೇಕಾಗಿಲ್ಲ. ಇದು ಹೋದ ಮೇಲೆ ಏನಾಗುತ್ತದೆ ಅಂತ ಬಿಡುವ ಮುಂಚೆಯೇ ಗಂಡನ ಜೊತೆ ಮಾತಾಡಿಕೊಳ್ಳಿ.

ಹೆಜ್ಜೆ 6: ಪಿಎಫ್, ಇಎಸ್‌ಐ, ಗ್ರಾಚ್ಯುಟಿ

ಅರ್ಧ ದಿನದ ಕೆಲಸಕ್ಕೆ ಇವೆಲ್ಲ ಇಲ್ಲ ಅಂತ ಬಹಳ ಜನ ನಂಬಿದ್ದಾರೆ. ಹಾಗಿಲ್ಲ. 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ಪಿಎಫ್ ವ್ಯಾಪ್ತಿಗೆ ಬರುತ್ತದೆ. ನೀವು ಅರ್ಧ ದಿನದವರು ಅನ್ನುವ ಕಾರಣಕ್ಕೆ ನಿಮ್ಮನ್ನು ಹೊರಗಿಡುವಂತಿಲ್ಲ. ಇಎಸ್‌ಐಗೆ ಸಾಮಾನ್ಯವಾಗಿ 10 ಜನ ಸಾಕು, ಸಂಬಳ 21,000 ರೂ. ಒಳಗಿರಬೇಕು. ನಾಲ್ಕು ಜನರ ತೆರಿಗೆ ಕಚೇರಿಗೆ ಇವು ಬರುವುದಿಲ್ಲ, ಆದರೆ ದೊಡ್ಡ ಶಾಲೆಗೆ, ಆಸ್ಪತ್ರೆಗೆ ಬರುತ್ತವೆ. ಯುಎಎನ್ ಸಂಖ್ಯೆ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ಇದೆಯಾ ಅಂತ ಮೊದಲು ಕೇಳಿ ತಿಳಿದುಕೊಳ್ಳಿ.

ಇದ್ದರೆ, ಬಿಡುವ ದಿನಾಂಕ ಬಹಳ ಮುಖ್ಯವಾಗುತ್ತದೆ. ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡಿಗಂಟಿಗೆ, ಐದು ವರ್ಷದ ಸೇವೆ ಬೇಕು. ನಿಗದಿತ ಅವಧಿಯ ಒಪ್ಪಂದದ ಮೇಲೆ ಇರುವವರಿಗೆ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಒಂದೇ ವರ್ಷ. ಕೊನೆಯ ಮೂಲ ವೇತನ ಮತ್ತು ಡಿಎಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸುತ್ತಾರೆ. 9,000ಕ್ಕೆ ಐದು ವರ್ಷಕ್ಕೆ ಸುಮಾರು 25,960 ರೂ. ನಾಲ್ಕು ವರ್ಷ ಆಗಿದ್ದರೆ ಇನ್ನೊಂದು ವರ್ಷ ತಡೆಯಿರಿ ಅಂತ ನಾನು ಹೇಳುವುದಿಲ್ಲ. ಮೂರೇ ತಿಂಗಳು ಬಾಕಿ ಇದ್ದರೆ ಮಾತ್ರ ಖಂಡಿತ ತಡೆಯಿರಿ.

ಪಿಎಫ್ ದುಡ್ಡನ್ನು ಬಿಟ್ಟ ಕೂಡಲೇ ತೆಗೆಯಬೇಡಿ, ಮುಂದಿನ ಕೆಲಸಕ್ಕೆ ವರ್ಗ ಮಾಡಿಸಿ. ಐದು ವರ್ಷದ ನಿರಂತರ ಸೇವೆಗಿಂತ ಮುಂಚೆ ತೆಗೆದರೆ ತೆರಿಗೆಗೆ ಬರುತ್ತದೆ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಬೇರೆ ಬೇರೆ ಕಡೆ ಮಾಡಿದ ವರ್ಷಗಳೂ ವರ್ಗ ಮಾಡಿಸಿದರೆ ಸೇರುತ್ತವೆ.

ಮಗುವಿನ ಯೋಚನೆಯಲ್ಲಿ ಇರುವವರು ಇದನ್ನು ಗಮನಿಸಿ. ಹೆರಿಗೆ ರಜೆ ಕಾನೂನಿನ ಪ್ರಕಾರ ಮೊದಲ ಎರಡು ಮಕ್ಕಳಿಗೆ 26 ವಾರ. ಅದಕ್ಕೆ ಹೆರಿಗೆಯ ಹಿಂದಿನ 12 ತಿಂಗಳಲ್ಲಿ ಅದೇ ಸಂಸ್ಥೆಯಲ್ಲಿ 80 ದಿನ ಕೆಲಸ ಮಾಡಿರಬೇಕು. ಇಎಸ್‌ಐ ಇದ್ದವರಿಗೆ ಹಿಂದಿನ ಎರಡು ಕಂತಿನ ಅವಧಿಗಳಲ್ಲಿ (ಒಂದೊಂದೂ ಆರು ತಿಂಗಳು) 70 ದಿನದ ಕೊಡುಗೆ ಇರಬೇಕು. ಈ ಕೆಲಸ ಬಿಟ್ಟು, ಬೇರೆ ಕಡೆ ಸೇರುವ ನಡುವೆ ಗರ್ಭಿಣಿಯಾದರೆ ಎರಡೂ ಕಡೆಯ ಸೌಲಭ್ಯ ಕೈತಪ್ಪಬಹುದು. ತಿಂಗಳುಗಳನ್ನು ಎಣಿಸಿ ತೀರ್ಮಾನ ಮಾಡಿ.

ಹೆಜ್ಜೆ 7: ಇದ್ದ ಕಡೆಯೇ ಒಂದು ಸಲ ಕೇಳಿ

"ಸರ್, ನನಗೆ ಬೋರ್ ಆಗ್ತಿದೆ" ಅಂತ ಹೇಳಿದರೆ ಯಾರಿಗೂ ಏನೂ ಮಾಡಲು ತೋಚುವುದಿಲ್ಲ. ಒಂದು ನಿರ್ದಿಷ್ಟ ಕೆಲಸದ ಹೆಸರು ಹಿಡಿದು ಕೇಳಿ. ಹೀಗೆ (ಪಾರ್ಟಿ ಅಂದರೆ ಇಲ್ಲಿ ಕಚೇರಿಯ ಗ್ರಾಹಕರು):

"ಸರ್, ಒಂದೈದು ನಿಮಿಷ ಇದೆಯಾ? ಎಂಟ್ರಿ ಎಲ್ಲ ನಂಗೆ ಈಗ ಹನ್ನೆರಡೂವರೆಗೇ ಮುಗಿದೋಗುತ್ತೆ. ನಾಲ್ಕು ಪಾರ್ಟಿದು 2ಬಿ ತಾಳೆ ನೋಡೋದನ್ನ ನಾನೇ ಮಾಡ್ಲಾ?"

"ಮಾಡಮ್ಮಾ. ಆದ್ರೆ ತಪ್ಪಾದ್ರೆ ಪಾರ್ಟಿ ಬಂದು ನನ್ನ ಕೇಳ್ತಾರೆ."

"ಅದಕ್ಕೇ ಸರ್, ಚಿಕ್ಕ ಪಾರ್ಟಿಗಳನ್ನೇ ಕೊಡಿ. ಮೊದಲ ತಿಂಗಳು ನೀವೊಂದು ಸಲ ನೋಡಿ, ಆಮೇಲೆ ಅಪ್‌ಲೋಡ್ ಮಾಡೋಣ."

ಹೀಗೆ ಕೇಳಿದಾಗ ಬೇಡ ಅನ್ನುವ ಮಾಲೀಕರು ಕಡಿಮೆ. 2ಬಿ ತಾಳೆ ಕಲಿತ ಮೇಲೆ ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ, ಆಮೇಲೆ ಟಿಡಿಎಸ್ ರಿಟರ್ನ್. ಜುಲೈನ ಆದಾಯ ತೆರಿಗೆ ರಿಟರ್ನ್ ಕಾಲದಲ್ಲಿ ಸಂಬಳದಾರರ ಸರಳ ರಿಟರ್ನ್ ತುಂಬುವುದು. ಒಂದು ವರ್ಷ ಹೀಗೆ ಕಲಿತರೆ, "ಬಿಲ್ ಎಂಟ್ರಿ ಮಾಡ್ತಿದ್ದೆ" ಅನ್ನುವ ಬದಲು "ಇಪ್ಪತ್ತು ಪಾರ್ಟಿಗಳ ಜಿಎಸ್‌ಟಿ ನಾನೇ ನೋಡ್ತಿದ್ದೆ" ಅಂತ ಮುಂದಿನ ಸಂದರ್ಶನದಲ್ಲಿ ಹೇಳಬಹುದು. ಇದರ ಬೆಲೆ ಬಹಳ. ಹಾಗಾಗಿ ಮೆಟ್ಟಿಲಿಲ್ಲದ ಕಚೇರಿಯಲ್ಲೂ ಬಿಡುವ ಮುಂಚೆ ಒಂದು ಸೀಸನ್ ಕಲಿತು ಬಿಡಿ ಅಂತ ನನ್ನ ಸಲಹೆ.

ಕೇಳಿ ಮೂರು ತಿಂಗಳಾದರೂ ಏನೂ ಬದಲಾಗದಿದ್ದರೆ ಅದೂ ಉತ್ತರವೇ. ಮತ್ತೆ ಮತ್ತೆ ಕೇಳುತ್ತಾ ಮನಸ್ಸು ಕೆಡಿಸಿಕೊಳ್ಳಬೇಡಿ. ಹೊಸ ಕೆಲಸ ಕೊಟ್ಟರು, ಸಂಬಳ ಮಾತ್ರ ಹೆಚ್ಚಿಸಲಿಲ್ಲ ಅಂದರೆ ಆರು ತಿಂಗಳು ಕಲಿಕೆ ಅಂತ ತಿಳಿದುಕೊಳ್ಳಿ, ಆಮೇಲೆ ದುಡ್ಡಿನ ಮಾತು ಎತ್ತಿ.

ಹೆಜ್ಜೆ 8: ಹೊರಗೆ ನಿಮಗೆ ಎಷ್ಟು ಬೇಡಿಕೆ ಇದೆ ನೋಡಿ

ಬಿಡುವ ಮುಂಚೆಯೇ ಅರ್ಜಿ ಹಾಕಿ. ಹತ್ತು ಕಡೆ ಹಾಕಿದರೆ ಎಷ್ಟು ಕಡೆಯಿಂದ ಕರೆ ಬರುತ್ತದೆ, ಅವರು ಏನು ಕೇಳುತ್ತಾರೆ ಅನ್ನುವುದೇ ನಿಮ್ಮ ಮುಂದಿನ ಪಠ್ಯಪುಸ್ತಕ. ಮೂರು ಕಡೆಯವರೂ ಎಕ್ಸೆಲ್‌ನಲ್ಲಿ ಪಿವೋಟ್ ಬರುತ್ತಾ ಅಂತ ಕೇಳಿದರೆ, ಮಧ್ಯಾಹ್ನ ಏನು ಕಲಿಯಬೇಕು ಅಂತ ಗೊತ್ತಾಯಿತಲ್ಲ.

ಕಲಿಯಲು ದುಡ್ಡು ಸುರಿಯಬೇಕಿಲ್ಲ. ಕೇಂದ್ರ ಸರ್ಕಾರದ ಸ್ವಯಂ ತಾಣದಲ್ಲಿ ಪಾಠಗಳು ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಪದವಿ ಅರ್ಧಕ್ಕೆ ನಿಂತಿದ್ದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ. ಸ್ವಂತ ಉದ್ಯೋಗದ ಆಸೆ ಇರುವವರು ರುಡ್‌ಸೆಟ್ ಸಂಸ್ಥೆಯನ್ನು ವಿಚಾರಿಸಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸಂಸ್ಥೆ ಇದು. ಇದೇ ಮಾದರಿಯಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿ ತರಬೇತಿ ಕೇಂದ್ರಗಳು ಜಿಲ್ಲೆಗಳಲ್ಲಿ ಇವೆ. ಹೊಲಿಗೆ, ಬ್ಯೂಟಿ ಪಾರ್ಲರ್, ಮೊಬೈಲ್ ರಿಪೇರಿ, ಹೈನುಗಾರಿಕೆ ತರಬೇತಿ ಊಟ ವಸತಿ ಸಮೇತ ಉಚಿತ. ಕೆಲಸಕ್ಕೆ ಅಷ್ಟು ದಿನದ ರಜೆ ಹಾಕಿ ಹೋಗಿ ಬಂದರೆ, ಆಸೆ ಎಷ್ಟು ಗಟ್ಟಿ ಅಂತಲೂ ತಿಳಿಯುತ್ತದೆ.

ಬೇಸರದಲ್ಲಿರುವವರ ಮೇಲೆ ಕಣ್ಣಿಟ್ಟವರೂ ಇದ್ದಾರೆ. "ಮನೆಯಲ್ಲೇ ಕೂತು ದಿನಕ್ಕೆ ಎರಡು ಸಾವಿರ" ಅಂತ ವಾಟ್ಸಾಪ್, ಟೆಲಿಗ್ರಾಂನಲ್ಲಿ ಬರುವ ಕೆಲಸಗಳನ್ನು ಮುಟ್ಟಬೇಡಿ. ಮೊದಲು ಇನ್ನೂರು ರೂಪಾಯಿ ನಿಮಗೇ ಕೊಟ್ಟು ನಂಬಿಸುತ್ತಾರೆ, ಆಮೇಲೆ ಡೆಪಾಸಿಟ್ ಕೇಳುತ್ತಾರೆ. ಕೆಲಸ ಕೊಡುವವರು ದುಡ್ಡು ಕೇಳಿದರೆ ಅದು ಕೆಲಸವಲ್ಲ. ದುಡ್ಡು ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಹೆಜ್ಜೆ 9: ತೀರ್ಮಾನ

ಇಷ್ಟು ಮಾಡಿದ ಮೇಲೆ ಹೆಚ್ಚಿನವರಿಗೆ ಉತ್ತರ ಕಂಡಿರುತ್ತದೆ. ಇನ್ನೂ ತೂಗುಯ್ಯಾಲೆಯಲ್ಲಿ ಇರುವವರಿಗೆ ನಾನು ಹೇಳುವುದು ಹೀಗೆ.

ಮಧ್ಯಾಹ್ನ ನಿಮ್ಮ ಕೈಯಲ್ಲಿದೆ, ಅಲ್ಲಿ ಓದೋ ವ್ಯಾಪಾರವೋ ನಡೆಯುತ್ತಿದೆ ಅಂದರೆ ಇರಿ. ಬೆಳಗಿನ ಕೆಲಸ ಸುಲಭವಾಗಿರುವುದೇ ಒಳ್ಳೆಯದು, ತಲೆ ದಣಿಯದೆ ಮನೆಗೆ ಬರುತ್ತೀರಿ. ಇರುವುದಾದರೆ ಒಂದು ಗಡುವು ಹಾಕಿಕೊಂಡು ಇರಿ. ಮುಂದಿನ ಯುಗಾದಿಗೆ ಮತ್ತೆ ನೋಡುತ್ತೇನೆ ಅಂತ ಕ್ಯಾಲೆಂಡರಿನಲ್ಲಿ ಬರೆದಿಡಿ.

ಮಧ್ಯಾಹ್ನಕ್ಕೆ ಈಗ ಯಾವ ಕಾರಣವೂ ಉಳಿದಿಲ್ಲ, ಆಫೀಸಿನಲ್ಲಿ ಕೇಳಿದ್ದೂ ಆಯಿತು, ಅರ್ಜಿಗೆ ಕರೆಯೂ ಬರುತ್ತಿದೆ ಅಂದರೆ ಪೂರ್ತಿ ದಿನದ ಕೆಲಸಕ್ಕೆ ಹೋಗಿ. ಗಂಟೆಯ ಬೆಲೆ ಅಷ್ಟೇ ಇದ್ದರೂ ಹೋಗಿ. ಖಾಲಿ ಕೂತ ಗಂಟೆಗಿಂತ ಪಿಎಫ್ ಬರುವ ಗಂಟೆ ಮೇಲು. ಮೂವತ್ತೈದು ದಾಟಿದ ಮೇಲೆ ಪೂರ್ತಿ ದಿನದ ಅನುಭವ ಇಲ್ಲ ಅಂತ ಅರ್ಜಿ ಬದಿಗಿಡುವವರು ಜಾಸ್ತಿ ಆಗುತ್ತಾರೆ. ಇದು ಅನ್ಯಾಯ, ಆದರೂ ಲೆಕ್ಕಕ್ಕೆ ಹಿಡಿಯಬೇಕು.

ಮುಂದೇನೂ ಗೊತ್ತಿಲ್ಲ, ಬರೀ ಸಾಕಾಗಿದೆ ಅನ್ನುವವರು ಮೊದಲು ಹದಿನೈದು ದಿನ ರಜೆ ತೆಗೆದುಕೊಳ್ಳಿ, ಸಂಬಳ ಹಿಡಿದರೂ ಪರವಾಗಿಲ್ಲ. ರಜೆಯ ಎರಡನೇ ವಾರ ಕೆಲಸದ ನೆನಪಾಗಿ ಹೋಗಬೇಕು ಅನ್ನಿಸುತ್ತದೋ, ಎದೆ ಭಾರವಾಗುತ್ತದೋ ನೋಡಿಕೊಳ್ಳಿ. ಎರಡನೆಯದಾದರೆ, ಮನೆಯ ಕಂತುಗಳು ತಡೆಯುವ ಹಾಗಿದ್ದರೆ, ಬಿಡಿ. ಮನಸ್ಸಿನ ಆರೋಗ್ಯವೂ ಆರೋಗ್ಯವೇ.

ಹೆಜ್ಜೆ 10: ಬಿಡುವುದಾದರೆ ಚೆನ್ನಾಗಿ ಬಿಡಿ

ನೇಮಕಾತಿ ಪತ್ರದಲ್ಲಿ ನೋಟಿಸ್ ಅವಧಿ ಎಷ್ಟಿದೆ ನೋಡಿ. ಪತ್ರವೇ ಇಲ್ಲದಿದ್ದರೆ ಒಂದು ತಿಂಗಳು ಮುಂಚೆ ಹೇಳುವುದು ಮರ್ಯಾದೆ. ತೆರಿಗೆ ಕಚೇರಿಯಾದರೆ ಜುಲೈ ಮತ್ತು ಸೆಪ್ಟೆಂಬರಿನ ನೂಕುನುಗ್ಗಲಿನಲ್ಲಿ ಕೈಬಿಟ್ಟು ಹೋಗಬೇಡಿ. ಅಕ್ಟೋಬರಿನ ನಂತರ ಹೇಳಿದರೆ ಅವರೂ ಖುಷಿಯಿಂದ ಕಳಿಸಿಕೊಡುತ್ತಾರೆ, ನಾಳೆ ಯಾರಾದರೂ ಫೋನ್ ಮಾಡಿ ನಿಮ್ಮ ಬಗ್ಗೆ ಕೇಳಿದರೆ ಒಳ್ಳೆಯ ಮಾತಾಡುತ್ತಾರೆ. ಒಂದೇ ಊರಿನಲ್ಲಿ ಕೆಲಸ ಹುಡುಕುವವರಿಗೆ ಆ ಒಂದು ಫೋನ್ ಬಹಳ ದೊಡ್ಡದು.

ಮೊದಲು ಸರ್‌ಗೆ ಬಾಯಲ್ಲಿ ಹೇಳಿ, ಅದೇ ದಿನ ಇಮೇಲ್ ಅಥವಾ ಪತ್ರ ಕೊಡಿ. ಸಹೋದ್ಯೋಗಿಗಳ ಬಾಯಿಂದ ಅವರಿಗೆ ಗೊತ್ತಾಗಬಾರದು. ಪತ್ರ ನಾಲ್ಕು ಸಾಲು ಸಾಕು. ಬಿಡುವ ದಿನಾಂಕ ಇರಲಿ, ಬೇಸರದ ಕಥೆ ಬೇಡ.

ಕೆಲಸ ಒಪ್ಪಿಸುವಾಗ ಯಾವ ಪಾರ್ಟಿಯದ್ದು ಎಲ್ಲಿಗೆ ನಿಂತಿದೆ ಅಂತ ಒಂದು ಪಟ್ಟಿ ಮಾಡಿ ಕೊಡಿ. ಟ್ಯಾಲಿ ಬ್ಯಾಕಪ್ ತೆಗೆದುಕೊಟ್ಟಿದ್ದಕ್ಕೆ, ಪೋರ್ಟಲ್ ಪಾಸ್‌ವರ್ಡ್‌ಗಳನ್ನು ಒಪ್ಪಿಸಿದ್ದಕ್ಕೆ ಒಂದು ಮೆಸೇಜಿನಲ್ಲಾದರೂ ದಾಖಲೆ ಇರಲಿ. ನಿಮ್ಮ ಮೊಬೈಲಿಗೆ ಪಾರ್ಟಿಗಳ ಒಟಿಪಿ ಬರುತ್ತಿದ್ದರೆ ನಂಬರ್ ಬದಲಾಯಿಸಿಯೇ ಹೊರಡಿ.

ಅನುಭವ ಪತ್ರದಲ್ಲಿ "ಅರ್ಧ ದಿನದ ಸಹಾಯಕಿ" ಅಂತಷ್ಟೇ ಬರೆಸಿಕೊಳ್ಳಬೇಡಿ. ಏನೇನು ಕೆಲಸ ನೋಡುತ್ತಿದ್ದಿರಿ ಅನ್ನುವುದೂ ಇರಲಿ. ಬರೆಯಲು ಅವರಿಗೆ ಪುರಸೊತ್ತಿಲ್ಲದಿದ್ದರೆ ನೀವೇ ಟೈಪ್ ಮಾಡಿ ಸಹಿಗೆ ಇಡಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರ ಸಂಬಳದ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಜಗಳ ಮಾಡದೆ ನೆನಪಿಸಿ.

ಪಿಎಫ್ ಇದ್ದವರು ಬಿಟ್ಟ ಮೇಲೆ ಪೋರ್ಟಲ್‌ಗೆ ಹೋಗಿ, ಕೆಲಸ ಬಿಟ್ಟ ದಿನಾಂಕ ನಮೂದಾಗಿದೆಯಾ ಅಂತ ನೋಡಿ. ಮಾಲೀಕರು ಹಾಕದಿದ್ದರೆ ಕೊನೆಯ ಕೊಡುಗೆ ಬಂದು ಎರಡು ತಿಂಗಳಾದ ಮೇಲೆ ನೀವೇ ಹಾಕಬಹುದು. ಅದು ನಮೂದಾಗದಿದ್ದರೆ ಹೊಸ ಕೆಲಸಕ್ಕೆ ಪಿಎಫ್ ವರ್ಗ ಮಾಡಿಸುವಾಗ ತೊಡಕಾಗುತ್ತದೆ. ನಾಮಿನಿ ಹೆಸರನ್ನೂ ಅದೇ ಹೊತ್ತಿಗೆ ಸರಿಮಾಡಿಕೊಳ್ಳಿ. ಮದುವೆಗೆ ಮುಂಚೆ ಸೇರಿದವರದ್ದು ಇನ್ನೂ ಹಳೆಯ ಹೆಸರೇ ಇರುತ್ತದೆ.